ಲಮೂನ್ ಬಿಡುಗಡೆ ಮಾಡಿದ ಜೋಡಿ

ಸಮ್ರೋಂಗ್ ದ್ವೀಪದ ಶಾಲೆಯಲ್ಲಿ ಅಳಿಲಿನ ಚಿತ್ರ ಬರೆಯಿರಿ ಎಂದರೆ ಮಕ್ಕಳು ಸುತ್ತಲೂ ಒಂದು ಗೆರೆ ಎಳೆದು, ಕಣ್ಣಿಗೆ ಒಂದು ಚುಕ್ಕೆ ಇಟ್ಟು, ಪುಸ್ತಕ ಮುಚ್ಚಿಬಿಡುತ್ತಿದ್ದರು. ಬಣ್ಣ ಹಚ್ಚುವ ಕೆಲಸವೇ ಇರಲಿಲ್ಲ. ಆ ದ್ವೀಪದ ಅಳಿಲುಗಳು ಮೂಗಿನಿಂದ ಬಾಲದ ತುದಿಯವರೆಗೆ ಕೆನೆಹಾಲಿನ ಬಿಳಿ. ಕಣ್ಣು ಮಾತ್ರ ಕಪ್ಪು. ದೋಣಿಯಲ್ಲಿ ಮುಕ್ಕಾಲು ಗಂಟೆ ದೂರದ ಸೀರಾಚಾ ದಡದಲ್ಲಿ ಅದೇ ಜಾತಿಯ ಅಳಿಲುಗಳು ಕೆಂಪಗೆ, ಬೂದುಬಣ್ಣಕ್ಕೆ, ಕೆಲವು ಕಡೆ ಕಾಡಿಗೆಯ ಹಾಗೆ ಇರುತ್ತಿದ್ದವು. ನಮ್ಮವನ್ನು ಬೆಟ್ಟದ ಮೇಲಿನ ಗುಡಿಯ ದೇವರು ಅಜ್ಜಪ್ಪ ತಾನೇ ತೊಳೆದು ಮರದ ಮೇಲೆ ಒಣಹಾಕಿದ್ದಾನೆ ಎಂದು ದ್ವೀಪದ ಹಿರಿಯರು ಹೇಳುತ್ತಿದ್ದರು. ಆದ್ದರಿಂದ ಯಾರೂ ಅವಕ್ಕೆ ಕಲ್ಲೆಸೆಯುತ್ತಿರಲಿಲ್ಲ. ಎಳೆ ತೆಂಗಿನಕಾಯಿ ಕೊರೆದರೂ, ಹಲಸಿನ ಹಣ್ಣು ಹಾಳುಮಾಡಿದರೂ, ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದರು.

ಲಮೂನ್ ಅಷ್ಟೂ ಬೈದವಳಲ್ಲ. ಅವಳಿಗೆ ಜೋರಾಗಿ ಮಾತಾಡಿ ಅಭ್ಯಾಸವೇ ಇರಲಿಲ್ಲ. ಹಿಂದಿನ ಕೊಲ್ಲಿಯ ದಂಡೆಯಲ್ಲಿ ಅವಳ ಮರದ ಮನೆ. ಮುಂಜಾನೆ ಎದ್ದು ತೆಂಗಿನಕಾಯಿ ತುರಿದು, ಬೆಲ್ಲ ಮತ್ತು ಕಪ್ಪಕ್ಕಿ ಹಿಟ್ಟಿನೊಂದಿಗೆ ಕಲಸಿ, ನೀಪಾ ತಾಳೆಯ ಗರಿಯಲ್ಲಿ ಮಡಿಚಿ, ಕಡ್ಡಿ ಚುಚ್ಚಿ, ದೋಣಿಕಟ್ಟೆಗೆ ಹೊತ್ತು ತಂದು ಕೆಂಡದ ಮೇಲೆ ಸುಡುವುದು ಅವಳ ಕಸುಬು. ಗಂಡ ಸರಕಿನ ಹಡಗಿಗೆ ಕೆಲಸಕ್ಕೆ ಹೋದವನು ದಕ್ಷಿಣದ ಯಾವುದೋ ಬಂದರಿನಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡ. ಆ ಸುದ್ದಿ ಬಂದ ದಿನವೂ ಅವಳು ತಿಂಡಿ ಸುಟ್ಟಳು. ಒಂದೂ ಕರಕಲಾಗಲಿಲ್ಲ.

ಪಕ್ಕದಲ್ಲೇ ಗಂಜಿ ಅಂಗಡಿ ಇಟ್ಟಿದ್ದವಳು ಕಿಮ್ ಲಾನ್. ಚೀನೀ ಮನೆತನದ ಹೆಣ್ಣು. ಬಾಯಿ ಜೋರು, ಕೈ ಅದಕ್ಕಿಂತ ಧಾರಾಳ.

"ನಿನ್ನ ಬಾಯಿಗೂ ಗರಿ ಸುತ್ತಿ ಕಡ್ಡಿ ಚುಚ್ಚಿದಾರೇನೇ ಲಮೂನ್?" ಎಂದು ಅವಳು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು. "ಗಂಡ ಓಡಿಹೋದ್ರೂ ಮಾತಿಲ್ಲ, ಗಿರಾಕಿ ಮೋಸ ಮಾಡಿದ್ರೂ ಮಾತಿಲ್ಲ. ಸತ್ತ ಮೇಲೆ ಯಮನ ಹತ್ರಾನೂ ಹಿಂಗೇ ನಿಂತ್ಕೋತೀಯಾ?"

"ನೀನು ಇರ್ತೀಯಲ್ಲ, ನೀನೇ ಮಾತಾಡು," ಎನ್ನುತ್ತಿದ್ದಳು ಲಮೂನ್.

ಲಮೂನ್‌ಗೆ ಒಬ್ಬಳೇ ಮಗಳು, ಒರಪಿನ್. ಹತ್ತಿರದವರಿಗೆ ಪಿನ್. ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುವ ಕೆಲಸ ಅವಳದು. ತಾಯಿ ಉಳಿಸಿಟ್ಟ ಮಾತನ್ನೆಲ್ಲ ಮಗಳು ಖರ್ಚು ಮಾಡುತ್ತಿದ್ದಾಳೆ ಎಂದು ಜನ ನಗುತ್ತಿದ್ದರು. ಮಕ್ಕಳಿಲ್ಲದ ಕಿಮ್ ಲಾನ್ ಆ ಹುಡುಗಿಗೆ ಎರಡನೇ ತಾಯಿಯಂತಿದ್ದಳು. ಗಂಜಿಗೆ ಎಲ್ಲರಿಗೂ ಒಂದು ಮೊಟ್ಟೆಯಾದರೆ ಒರಪಿನ್‌ಗೆ ಎರಡು.

ಇಪ್ಪತ್ತೈದನೇ ವರ್ಷ ಯಾರಿಗಾದರೂ ಗಂಡಾಂತರದ ವರ್ಷವೇ ಎಂದು ಆ ಕಡೆಯವರ ನಂಬಿಕೆ. ಕೆಲವರು ಬೈಕಿನಿಂದ ಬಿದ್ದು ಮೊಣಕಾಲು ಕೆತ್ತಿಸಿಕೊಂಡು ಪಾರಾಗುತ್ತಾರೆ, ಕೆಲವರಿಗೆ ಕೆಲಸ ಹೋಗುತ್ತದೆ. ಒರಪಿನ್‌ಗೆ ರಕ್ತದ ಕಾಯಿಲೆ ಬಂತು. ದಡದ ಆಸ್ಪತ್ರೆಯ ಡಾಕ್ಟರ್ ತಾಯಿಯನ್ನು ಹೊರಗೆ ಕರೆದು, ಗೋಡೆಯ ಕಡೆ ನೋಡುತ್ತಾ ಹೇಳಿದರು: "ಒಂದು ವರ್ಷ ಅಂತ ಇಟ್ಕೊಳ್ಳಿ, ಅಮ್ಮ. ಔಷಧಿ ಒಗ್ಗಿದ್ರೆ ಇನ್ನೊಂದಷ್ಟು ತಿಂಗಳು."

ಲಮೂನ್ ದ್ವೀಪದ ವಿಹಾರಕ್ಕೆ ಹೋಗಿ ದೊಡ್ಡ ಭಂತೆಯ ಮುಂದೆ ಕುಳಿತಳು. ದೊಡ್ಡ ಭಂತೆ ಆಗ ಗಟ್ಟಿಮುಟ್ಟಾಗಿದ್ದರು. ಅವರು ಯಾರಿಗಾದರೂ ಹೇಳುವುದನ್ನೇ ಅವಳಿಗೂ ಹೇಳಿದರು.

"ಬಂಧನದಲ್ಲಿರೋ ಜೀವಕ್ಕೆ ಬಿಡುಗಡೆ ಕೊಡಮ್ಮ. ಅದರ ಪುಣ್ಯ ಮಗಳ ಆಯಸ್ಸಿಗೆ ಸೇರಲಿ ಅಂತ ಬೇಡ್ಕೋ. ಬಾಗಿಲನ್ನ ಮಗಳ ಕೈಯಲ್ಲೇ ತೆಗೆಸು."

ಜೀವ ಬಿಡಿಸುವುದು ಹೊಸ ವಿಷಯವಲ್ಲ. ಹುಟ್ಟಿದ ದಿನಕ್ಕೆ, ಕಾಯಿಲೆಗೆ, ಪರೀಕ್ಷೆಗೆ ಜನ ಮೀನು ಬಿಡುತ್ತಾರೆ, ಹಾವುಮೀನು ಬಿಡುತ್ತಾರೆ, ಬಿದಿರು ಬುಟ್ಟಿಯ ಗುಬ್ಬಿಗಳನ್ನು ಹಾರಿಬಿಡುತ್ತಾರೆ. ಆದರೆ ಲಮೂನ್ ನೋಡುವುದನ್ನು ಚೆನ್ನಾಗಿ ನೋಡುವ ಹೆಂಗಸು. ಮೀನುಗಾರರ ದ್ವೀಪದಲ್ಲಿ ಬೆಳಿಗ್ಗೆ ಬಿಟ್ಟ ಮೀನು ಸಂಜೆಯ ಬಲೆಯಲ್ಲಿರುತ್ತದೆ. ದಡದ ಗುಡಿಯ ಮುಂದೆ ಹಾರಿಬಿಟ್ಟ ಗುಬ್ಬಿಗಳು ಒಂದು ಸುತ್ತು ಹಾಕಿ ಮಾರುವವನ ಬುಟ್ಟಿಗೇ ಬಂದು ಕೂರುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಬಿಟ್ಟ ಜೀವ ಮತ್ತೆ ಸಿಕ್ಕಿಬಿದ್ದರೆ ಮಗಳ ಆಯಸ್ಸೂ ಹಾಗೇ ವಾಪಸ್ ಹೋಗಿಬಿಟ್ಟರೆ? ಈ ಒಂದು ಯೋಚನೆ ಅವಳನ್ನು ವಾರವೆಲ್ಲ ಕೊರೆಯಿತು.

ಆಸ್ಪತ್ರೆಯ ಹಿಂದಿನ ಸಂತೆಯಲ್ಲಿ ಅವಳಿಗೆ ಆ ಜೋಡಿ ಕಂಡಿತು. ತಂತಿಯ ಪಂಜರದಲ್ಲಿ ಎರಡು ಅಳಿಲು, ಒಂದು ಗಂಡು, ಒಂದು ಹೆಣ್ಣು. ಬೆನ್ನು ಇಟ್ಟಿಗೆ ಕೆಂಪು, ಬಾಲ ಕಪ್ಪು. ಸಾಕುವವರು ಎಳೆದುಕೊಂಡು ಹೋಗಲೆಂದು ಸೊಂಟಕ್ಕೆ ದಾರ ಬೇರೆ ಕಟ್ಟಿದ್ದರು. ಹೆಣ್ಣಿನ ಸೊಂಟದಲ್ಲಿ ದಾರ ಉಜ್ಜಿ ಗಾಯವಾಗಿತ್ತು. ಲಮೂನ್ ಅಲ್ಲೇ ನಿಂತುಬಿಟ್ಟಳು. ಮನಸ್ಸಿನಲ್ಲಿ ಏನೋ ತಟ್ಟನೆ ಹಗುರವಾಯಿತು. ನಮ್ಮ ದ್ವೀಪದಲ್ಲಿ ಅಳಿಲನ್ನು ಹಿಡಿಯುವವರಿಲ್ಲ, ಹೊಡೆಯುವವರಿಲ್ಲ, ಮಾರುವವರಿಲ್ಲ. ಈ ಲೋಕದಲ್ಲಿ ಅಳಿಲಿಗೆ ನಿಜವಾದ ಬಿಡುಗಡೆ ಎಂಬುದಿದ್ದರೆ ಅದು ಸಮ್ರೋಂಗ್ ದ್ವೀಪದಲ್ಲೇ.

ದೋಣಿಯಲ್ಲಿ ಪಂಜರಕ್ಕೆ ಲುಂಗಿ ಹೊದಿಸಿದ್ದಳು. "ಕೋಳಿಯೇನಕ್ಕಾ?" ಎಂದ ದೋಣಿಯವನು. ಅವಳು ನಕ್ಕಳು. ಹೇಳಿಕೊಂಡರೆ ಪುಣ್ಯ ಸೋರಿಹೋಗುತ್ತದೆ ಎಂದು ಅವಳ ಭಾವನೆ. ಯಾರಿಗೂ ಹೇಳಬೇಡ ಎಂದು ಮಗಳಿಗೂ ಹೇಳಿಟ್ಟಳು.

ಮರುದಿನ ಸೂರ್ಯ ಹುಟ್ಟುವಾಗ ತಾಯಿ ಮಗಳು ಹಿಂದಿನ ಕೊಲ್ಲಿಯ ಕಾಡುಬಾದಾಮಿ ಮರದ ಕೆಳಗೆ ಪಂಜರ ಇಟ್ಟರು. ಕೂದಲು ಉದುರಿದ ತಲೆಗೆ ಒರಪಿನ್ ಹೂವಿನ ಬಟ್ಟೆ ಕಟ್ಟಿಕೊಂಡಿದ್ದಳು. ಲಮೂನ್ ಕತ್ತರಿಯಿಂದ ದಾರ ಕತ್ತರಿಸಿ, ಗಾಯಕ್ಕೆ ಅರಿಶಿನ ಹಚ್ಚಿದಳು.

"ಅಮ್ಮಾ, ಇವು ಇಷ್ಟು ಕೆಂಪಗಿವೆಯಲ್ಲ," ಎಂದಳು ಒರಪಿನ್. "ಇಲ್ಲಿನ ಬಿಳಿಯರು ಇವಕ್ಕೆ ಹೆಣ್ಣು ಕೊಡ್ತಾರಾ?"

"ಸುಮ್ನಿರೇ. ಬೇಡ್ಕೊಂಡು ಬಾಗಿಲು ತೆಗಿ."

"ಬೇಡ್ಕೊಂಡೆ. ಮೊದಲು ಇವಕ್ಕೆ ಮದುವೆ ಆಗ್ಲಿ, ಆಮೇಲೆ ನಂಗೆ."

ಅವಳು ಬಾಗಿಲು ಎತ್ತಿದಳು. ಗಂಡು ಕಣ್ಣು ಮಿಟುಕಿಸುವುದರೊಳಗೆ ಮರ ಹತ್ತಿತು. ಹೆಣ್ಣು ಮಾತ್ರ ಹೊರಗೆ ಬಂದು, ಒರಪಿನ್‌ಳ ಪಾದದ ಹತ್ತಿರ ಒಂದು ಗಳಿಗೆ ಕುಳಿತು, ಗಾಯದ ಜಾಗ ನೆಕ್ಕಿಕೊಂಡು ಆಮೇಲೆ ಹೋಯಿತು. ತಾಯಿ ಮಗಳಿಬ್ಬರೂ ಕೈ ಮುಗಿದರು.

ಒರಪಿನ್ ಒಂದು ವರ್ಷವಲ್ಲ, ಏಳು ವರ್ಷ ಬದುಕಿದಳು.

ಔಷಧಿ ಒಗ್ಗಿತು ಎಂದರು ಡಾಕ್ಟರ್. ಲಮೂನ್ ಹೌದೆಂದು ತಲೆಯಾಡಿಸಿದಳು, ಆದರೆ ಯಾವುದು ಒಗ್ಗಿತೆಂದು ಅವಳಿಗೆ ಗೊತ್ತಿತ್ತು. ಎರಡನೇ ವರ್ಷ ಕೊಲ್ಲಿಯ ಮರಗಳಲ್ಲಿ ಬೆನ್ನು ಕೆಂಪು, ಹೊಟ್ಟೆ ಬಿಳಿಯ ಮರಿಗಳು ಕಂಡವು. ನಾಲ್ಕನೇ ವರ್ಷ ಬಿಳಿ ಮೈಗೆ ಕಪ್ಪು ಬಾಲದವು, ಬೂದು ತಲೆಯವು, ಒಂದು ಕಿವಿ ಮಾತ್ರ ಕೆಂಪಾದವು. ಅವು ಕೊಂಬೆಯಿಂದ ಕೊಂಬೆಗೆ ಹಾರಿದಾಗಲೆಲ್ಲ ತಾಯಿಯ ಎದೆ ತಂಪಾಗುತ್ತಿತ್ತು. ಅವು ಹೆಚ್ಚಿದಷ್ಟೂ ಮಗಳ ದಿನಗಳು ಹೆಚ್ಚುತ್ತಿವೆ ಎಂದು ಅವಳು ನಂಬಿದಳು. ಬೆಳಿಗ್ಗೆ ತಿಂಡಿಗೆ ತುರಿದ ಕಾಯಿಯಲ್ಲಿ ಒಂದು ಹಿಡಿ ಜಗಲಿಯ ಕಟಕಟೆಯ ಮೇಲೆ ಇಡುವುದು ರೂಢಿಯಾಯಿತು. ಅವು ಮೊದಲು ಕಟಕಟೆಗೆ, ಆಮೇಲೆ ಮಡಿಲಿಗೆ, ಕೊನೆಗೆ ಅಂಗೈಗೆ ಬಂದವು.

ಎಂಟನೇ ವರ್ಷದ ಬೇಸಿಗೆಯಲ್ಲಿ ಕಾಯಿಲೆ ತಿರುಗಿ ಬಂತು. ಈ ಸಲ ಹದಿನೆಂಟೇ ದಿನ. ಕಿಮ್ ಲಾನ್ ಆಸ್ಪತ್ರೆಯ ನೆಲದ ಮೇಲೆ ಕುಳಿತು ಗಟ್ಟಿಯಾಗಿ ಅತ್ತಳು. ಉಸಿರು ನಿಂತಾಗ ಲಮೂನ್ ಮಗಳ ಕಾಲಿನ ಉಗುರು ಕತ್ತರಿಸುತ್ತಿದ್ದಳು. ಎರಡು ಬೆರಳಿನ ಉಗುರು ಉಳಿದಿದ್ದವು, ಅವನ್ನೂ ಕತ್ತರಿಸಿ ಮುಗಿಸಿದಳು.

ಅಲ್ಲಿಂದ ಮುಂದೆ ಅವಳ ಬದುಕು ಒಂದೇ ದಾರದ ಮೇಲೆ ನಿಂತಿತ್ತು. ಮುಂಜಾನೆ ಭಿಕ್ಷುಗಳ ಪಾತ್ರೆಗೆ ಅನ್ನ ಹಾಕಿ, ಮರದ ಬುಡಕ್ಕೆ ನೀರು ಎರೆದು ಪುಣ್ಯವನ್ನು ಮಗಳ ಹೆಸರಿಗೆ ಧಾರೆಯೆರೆಯುವಳು. ಆಮೇಲೆ ಅಳಿಲುಗಳಿಗೆ ಕಾಯಿತುರಿ. ಮಗಳು ಬೂದಿಯಾಗಿದ್ದಳು. ಆದರೆ ಅವಳ ಕೈ ತೆರೆದ ಬಾಗಿಲಿನಿಂದ ಹೊರಬಂದವು ಇನ್ನೂ ಓಡಾಡುತ್ತಿದ್ದವು, ಮರಿ ಹಾಕುತ್ತಿದ್ದವು. ಆ ಪುಣ್ಯ ಇನ್ನೂ ಬೆಳೆಯುತ್ತಿದೆ, ಎಲ್ಲಿದ್ದರೂ ಅದು ಅವಳಿಗೆ ತಲುಪುತ್ತಿದೆ ಎಂಬ ನಂಬಿಕೆಯಲ್ಲೇ ಲಮೂನ್ ಉಸಿರಾಡುತ್ತಿದ್ದಳು.

ಹೀಗೆ ಐದು ವರ್ಷ ಕಳೆದ ಮೇಲೆ ವಾರುನೀ ಎಂಬ ವನ್ಯಜೀವಿ ಕಾರ್ಯಕರ್ತೆ ದ್ವೀಪಕ್ಕೆ ಬಂದಳು. ಮೂವತ್ತೇಳು ಮೂವತ್ತೆಂಟರ ಹೆಂಗಸು, ಒರಪಿನ್ ಇದ್ದಿದ್ದರೆ ಅವಳ ಸಮವಯಸ್ಕಳು. ವಿಹಾರದ ಮಂಟಪದಲ್ಲಿ ಊರವರನ್ನು ಕೂರಿಸಿ ಫೋಟೋಗಳನ್ನು ಹರಡಿದಳು.

"ಇವೆಲ್ಲ ನಿಮ್ಮ ದ್ವೀಪದ್ದೇ," ಎಂದಳು. "ಕೆಂಪು ಬೆನ್ನು, ಕಪ್ಪು ಬಾಲ. ಯಾರೋ ದಡದಿಂದ ತಂದು ಬಿಟ್ಟಿದಾರೆ. ಬಿಳಿಯವು ಈಗ ಬೆಟ್ಟದ ಗುಡಿ ಸುತ್ತ ಮಾತ್ರ ಉಳಿದಿವೆ. ಇವು ಅವುಗಳ ಜೊತೆ ಸೇರ್ತಾ ಹೋದ್ರೆ ಇನ್ನು ಹತ್ತು ಹದಿನೈದು ವರ್ಷಕ್ಕೆ ಬಿಳಿ ಅಳಿಲು ಅನ್ನೋದೇ ಇರಲ್ಲ."

"ತೊಳೆದ್ರೆ ಹೋಗಲ್ವೇನಮ್ಮ ಬಣ್ಣ?" ಎಂದ ಒಬ್ಬ ಮುದುಕ. ಎಲ್ಲರೂ ನಕ್ಕರು. ಬಲು ಬೇಗ ನಗು ನಿಂತಿತು. ಬೆಟ್ಟದ ಅಜ್ಜಪ್ಪನ ಅಳಿಲುಗಳಿಲ್ಲದ ದ್ವೀಪವನ್ನು ಯಾರೂ ಯೋಚಿಸಿರಲಿಲ್ಲ.

"ಬಣ್ಣದವನ್ನೆಲ್ಲ ಹಿಡಿದು ದಡಕ್ಕೆ ಒಯ್ಯಬೇಕು. ಅವು ಬೆರಕೆ, ಅಲ್ಲಿನ ಕಾಡಿಗೂ ಬಿಡೋ ಹಾಗಿಲ್ಲ. ನಮ್ಮ ಕೇಂದ್ರದಲ್ಲಿ, ಪಂಜರದಲ್ಲೇ ಇರ್ತಾವೆ, ಇರೋವರೆಗೂ," ಎಂದಳು ವಾರುನೀ. "ಮೊದಲು ಯಾವಾಗ, ಎಲ್ಲಿ ಕಂಡ್ವು ಅಂತ ಯಾರಿಗಾದ್ರೂ ನೆನಪಿದ್ಯಾ?"

ಕಿಮ್ ಲಾನ್ ಎದ್ದು ನಿಂತಳು. ಅವಳು ಸಣ್ಣವಳಿದ್ದಾಗಿನಿಂದ ಗುಡಿಗೆ ಹೂವಿಟ್ಟು ಬೆಳೆದವಳು.

"ಯಾವ ಪಾಪಿಷ್ಠರು ಇದನ್ನ ಮಾಡಿದ್ರೋ! ಅಜ್ಜಪ್ಪನ ಮಕ್ಕಳ ಮೇಲೆ ಕೆಸರು ಎರಚಿದಾರೆ. ಅವನ್ನ ಬಿಟ್ಟ ಕೈಗೆ ಹುಳ ಬೀಳಲಿ! ಮುಂದಿನ ಜನ್ಮದಲ್ಲಿ ಪಂಜರದಲ್ಲೇ ಹುಟ್ಟಲಿ, ಪಂಜರದಲ್ಲೇ ಸಾಯಲಿ!"

"ಹೌದು, ಹೌದು," ಎಂದರು ಜನ.

ಲಮೂನ್ ಕಂಬಕ್ಕೆ ಒರಗಿ ಕುಳಿತಿದ್ದಳು. ಬಾಗಿಲು ತೆಗೆದ ಕೈ ಅವಳದಲ್ಲ. ಆ ಮಾತು ಯಾರ ಮೇಲೆ ಹೋಗಿ ಬಿತ್ತೆಂದು ಆ ಮಂಟಪದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಎದ್ದು ಕಿಮ್ ಲಾನ್ ಬಾಯಿ ಮುಚ್ಚಿಸಬೇಕು ಎನಿಸಿತು. ಏಳಲಿಲ್ಲ.

ವಾರುನೀ ಮೂರು ವಾರ ಬೋನು ಇಟ್ಟಳು. ಬಾಳೆಹಣ್ಣು, ಕಡಲೆಕಾಯಿ, ಹಲಸಿನ ತೊಳೆ, ಏನಿಟ್ಟರೂ ಬೋನಿಗೆ ಬಿದ್ದದ್ದು ಇಲಿಗಳು. ಒಂದು ಬೆಳಿಗ್ಗೆ ಅವಳು ಬೆವರು ಒರೆಸಿಕೊಳ್ಳುತ್ತಾ ಹಿಂದಿನ ಕೊಲ್ಲಿಯ ಮನೆಯ ಮೆಟ್ಟಿಲ ಮೇಲೆ ಬಂದು ಕುಳಿತಳು. ಕಟಕಟೆಯ ಮೇಲೆ ಆರೇಳು ಅಳಿಲುಗಳು ಕಾಯಿತುರಿ ತಿನ್ನುತ್ತಿದ್ದವು. ಒಂದೂ ಬಿಳಿಯದಲ್ಲ.

"ಅಮ್ಮಾ, ಇವು ನಿಮ್ಮ ಕೈಗೆ ಬರ್ತಾವಂತೆ. ಊರವರು ಹೇಳಿದ್ರು."

"ಬರ್ತಾವೆ."

"ನನಗೆ ಬೇರೆ ದಾರಿ ಇಲ್ಲ. ನೀವು ಬೋನಿನೊಳಗೆ ತುರಿ ಇಟ್ಟು ಪಕ್ಕದಲ್ಲಿ ಕೂತ್ರೆ ಸಾಕು. ಬಾಗಿಲು ನಾನು ಹಾಕ್ತೀನಿ."

ಲಮೂನ್ ಕಟಕಟೆಯ ಮೇಲೆ ಇನ್ನೊಂದು ಹಿಡಿ ತುರಿ ಇಟ್ಟಳು. ವಾರುನೀ ಏನಾದರೂ ಕೇಳಬೇಕಲ್ಲ ಎಂಬಂತೆ ಪುಸ್ತಕ ತೆಗೆದಳು. "ಮೊದಲನೇದನ್ನ ಯಾವ ವರ್ಷ ನೋಡಿದ್ರಿ ಅಂತ ನೆನಪಿದ್ಯಾ?"

"ಹನ್ನೆರಡು ವರ್ಷದ ಹಿಂದೆ. ಐದನೇ ತಿಂಗಳು, ಗುರುವಾರ. ಸೂರ್ಯ ಹುಟ್ಟೋ ಹೊತ್ತು. ಆ ಮರದ ಕೆಳಗೆ," ಎಂದಳು ಲಮೂನ್. "ಒಂದು ಗಂಡು, ಒಂದು ಹೆಣ್ಣು."

ವಾರುನೀ ಬರೆಯುತ್ತಿದ್ದ ಕೈ ನಿಂತಿತು. ಒಳಗೆ ಗೋಡೆಯ ಮೇಲಿದ್ದ ಒರಪಿನ್‌ಳ ಫೋಟೋ ಮೆಟ್ಟಿಲಿಂದಲೇ ಕಾಣುತ್ತಿತ್ತು. ಅವಳು ಅದನ್ನು ನೋಡಿದಳು, ಮುದುಕಿಯ ಮುಖ ನೋಡಿದಳು, ಪುಸ್ತಕ ಮುಚ್ಚಿದಳು.

"ನಾಳೆ ಬರ್ಲಾ ಅಮ್ಮಾ?"

"ನಾಡಿದ್ದು ಬಾ."

ಆ ದಿನ ಲಮೂನ್ ತಿಂಡಿ ಸುಡಲಿಲ್ಲ. ವಿಹಾರಕ್ಕೆ ನಡೆದಳು. ದೊಡ್ಡ ಭಂತೆಗೆ ಎಂಬತ್ತು ದಾಟಿತ್ತು, ಒಂದು ಕಿವಿ ಪೂರಾ ಹೋಗಿತ್ತು. ಕೇಳುವ ಕಿವಿಯ ಕಡೆ ಕುಳಿತು ಅವಳು ಎಲ್ಲವನ್ನೂ ಹೇಳಿದಳು. ತನ್ನ ಬದುಕಿನಲ್ಲಿ ಅಷ್ಟು ಮಾತನ್ನು ಒಟ್ಟಿಗೆ ಅವಳು ಆಡಿದ್ದು ಅದೇ ಮೊದಲು.

"ಅವತ್ತು ನಾನು ಮಾಡಿದ್ದು ಪುಣ್ಯಾನಾ, ಪಾಪಾನಾ? ಪಾಪ ಆದ್ರೆ, ಇಷ್ಟು ವರ್ಷ ನಾನು ಧಾರೆ ಎರೆದಿದ್ದು ಏನು? ಮಗಳಿಗೆ ನಾನು ಏನನ್ನ ಕಳಿಸ್ತಾ ಇದ್ದೆ?"

ಭಂತೆ ತಮ್ಮ ಬೀಸಣಿಗೆಯನ್ನು ಕೆಳಗಿಟ್ಟರು.

"ಜೀವ ಬಿಡಿಸು ಅಂತ ನಾನೇ ಹೇಳಿದ್ದು," ಎಂದರು. "ಎಲ್ಲಿಂದ, ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಐವತ್ತು ವರ್ಷದಿಂದ ಎಲ್ಲರಿಗೂ ಹೇಳ್ತಾ ಬಂದಿದೀನಿ, ಒಬ್ಬರನ್ನೂ ಕೇಳಿಲ್ಲ. ನಿನ್ನ ಮನಸ್ಸಲ್ಲಿ ಕಲ್ಮಶ ಇರಲಿಲ್ಲ, ಮಗಳ ಮನಸ್ಸಲ್ಲೂ ಇರಲಿಲ್ಲ. ಅದು ಅವಳಿಗೆ ತಲುಪಿದೆ ಅಂತ ನಾನು ನಂಬ್ತೀನಿ. ನಂಬ್ತೀನಿ ಅಷ್ಟೇ ಕಣಮ್ಮ, ನೋಡಿಲ್ಲ."

"ಈಗ ಅವನ್ನ ಹಿಡಿದು ಕೊಟ್ರೆ?"

"ಗೊತ್ತಿಲ್ಲ," ಎಂದರು ಭಂತೆ. "ಬಿಳಿಯವೂ ಜೀವಗಳೇ. ಅವುಗಳ ಪರವಾಗಿ ಕೇಳೋಕೆ ಯಾರೂ ಇಲ್ಲ."

ಅವಳು ನಮಸ್ಕರಿಸಿ ಎದ್ದಳು. ಬೇರೆ ಉತ್ತರ ಬರಲಿ ಎಂದು ಆಸೆಯಿತ್ತು. ಆದರೆ ಸುಳ್ಳು ಸಮಾಧಾನ ಹೇಳದ ಆ ಮುದುಕರ ಮೇಲೆ ಅವಳಿಗೆ ಅಂದು ಮೊದಲಿಗಿಂತ ಹೆಚ್ಚು ಗೌರವ ಬಂತು. ಬೆಟ್ಟದ ಕಡೆ ತಿರುಗಿ, ಗುಡಿಯ ಹಾದಿಯಲ್ಲಿ ಹೋಗಿ, ಒಂದು ಕಲ್ಲಿನ ಮೇಲೆ ಕುಳಿತಳು. ಮೇಲೆ ಎರಡು ಬಿಳಿ ಮರಿಗಳು ಒಂದರ ಬಾಲವನ್ನು ಒಂದು ಕಚ್ಚಿ ಆಡುತ್ತಿದ್ದವು. ತನ್ನ ಜೋಡಿಯ ಸಂತತಿಯನ್ನು ನೋಡುವ ಭರದಲ್ಲಿ ಅವಳು ಎಷ್ಟೋ ವರ್ಷ ಇವುಗಳತ್ತ ತಲೆಯೆತ್ತಿಯೇ ಇರಲಿಲ್ಲ. ಎಷ್ಟು ಕಡಿಮೆಯಾಗಿವೆ ಎಂದು ಈಗ ಕಂಡಿತು. ಅವಳಿಗೆ ಬಂದದ್ದು ನಾಚಿಕೆ.

ಮೂರನೇ ದಿನ ವಾರುನೀ ಬಂದಾಗ ಲಮೂನ್ ಬೋನನ್ನು ತಾನೇ ಜಗಲಿಯ ಮೇಲೆ ಇರಿಸಿದಳು.

"ಬಾಗಿಲು ನಾನೇ ಹಾಕ್ತೀನಿ," ಎಂದಳು. "ನೀನು ಹಾಕಿದ್ರೆ ಹೆದರ್ತಾವೆ."

ಎರಡು ತಿಂಗಳು ಹೀಗೆ ನಡೆಯಿತು. ಅವಳು ತುರಿ ಇಡುವಳು, ಎಂದಿನಂತೆ ನಾಲಿಗೆಯಲ್ಲಿ ಚ್ಚುಚ್ಚು ಎನ್ನುವಳು. ಅವು ಅನುಮಾನವಿಲ್ಲದೆ ಬರುತ್ತಿದ್ದವು. ಒಂದು ಸಿಕ್ಕಿದ ಮೇಲೆ ಇನ್ನೊಂದು ಓಡಿಹೋಗಬೇಕಿತ್ತು, ಹೋಗುತ್ತಿರಲಿಲ್ಲ. ಆ ಕೈಯಿಂದ ಕೆಟ್ಟದ್ದು ಬಂದದ್ದೇ ಇಲ್ಲವಲ್ಲ. ಬಾಗಿಲು ಬಿದ್ದಾಗ ಮಾತ್ರ ಅವು ತಂತಿಗೆ ಮೂಗು ಒತ್ತಿ ಅವಳನ್ನು ನೋಡುತ್ತಿದ್ದವು. ವಾರುನೀ ಆಗ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದಳು.

ಕೊನೆಗೆ ಒಂದು ಹೆಣ್ಣು ಉಳಿಯಿತು. ಮೈಯೆಲ್ಲ ಬಿಳಿ, ಹೆಗಲ ಮೇಲೆ ಮಾತ್ರ ಬೆರಳೊತ್ತಿದಷ್ಟು ಕೆಂಪು. ಒರಪಿನ್‌ಳ ಬೂದಿಯನ್ನು ಸಮುದ್ರಕ್ಕೆ ಬಿಟ್ಟು ಬಂದ ದಿನ ಅದು ಮರಿಯಾಗಿತ್ತು. ಖಾಲಿ ಮನೆಯ ಬಾಗಿಲಲ್ಲಿ ಕುಳಿತಿದ್ದ ಲಮೂನ್‌ಳ ಮಡಿಲಲ್ಲಿ ಬಂದು ಮಲಗಿತ್ತು.

"ಮಗಳೇ," ಎಂದಳು ಲಮೂನ್. ವಾರುನೀಯನ್ನು ಅವಳು ಹಾಗೆ ಕರೆದದ್ದು ಮೊದಲ ಸಲ. "ಇದು ಬಿಳಿಯದೇ ಅಲ್ವಾ? ಇದೊಂದನ್ನ ಬಿಡೋಕಾಗಲ್ವಾ?"

ವಾರುನೀ ಬೋನಿನ ಪಕ್ಕ ಮೊಣಕಾಲೂರಿ ಕುಳಿತಳು. "ಇದನ್ನೇ ಬಿಡೋ ಹಾಗಿಲ್ಲ ಅಮ್ಮಾ. ಬಿಳಿಯವು ಇದನ್ನ ತಮ್ಮದೇ ಅಂದ್ಕೋತಾವೆ."

ಲಮೂನ್ ತುರಿ ಇಟ್ಟಳು. ಅದು ಬಂತು. ಅವಳು ಬಾಗಿಲು ಇಳಿಸಿದಳು.

ಮುಂದಿನ ಹುಣ್ಣಿಮೆಗೆ ಮಂಟಪದಲ್ಲಿ ಊರೆಲ್ಲ ಸೇರಿದ್ದಾಗ ಲಮೂನ್ ಎದ್ದು ನಿಂತಳು. ಅವಳು ಎದ್ದು ನಿಂತದ್ದಕ್ಕೇ ಜನ ಸುಮ್ಮನಾದರು. ಅವಳು ನಾಲ್ಕೇ ಮಾತು ಹೇಳಿದಳು. ತಂದದ್ದು ನಾನು. ಪಿನ್‌ಳ ಆಯಸ್ಸಿಗೆಂದು ತಂದದ್ದು. ತಪ್ಪಾಯಿತು. ಈಗ ಹಿಡಿದು ಕೊಟ್ಟಿದ್ದೇನೆ.

ಯಾರೋ ಮುದುಕಿ, "ಅಯ್ಯೋ, ತಾಯಿ ಕಣ್ರೋ," ಎಂದಳು. ಕೆಲವರು ತಲೆ ತಗ್ಗಿಸಿದರು. ಕಿಮ್ ಲಾನ್ ಮಾತ್ರ ಬೆಳ್ಳಗಾಗಿದ್ದಳು.

"ಬಾಗಿಲು ತೆಗೆದಿದ್ದು ಯಾರು?" ಎಂದಳು.

ಲಮೂನ್ ಅವಳ ಕಡೆ ತಿರುಗಿದಳು.

"ಯಾರ ಕೈಯಲ್ಲೇ ತೆಗೆಸಿದೆ?"

"ಪಿನ್ ಕೈಯಲ್ಲಿ."

"ನಾನು ಇದೇ ಜಾಗದಲ್ಲಿ ನಿಂತು ಆ ಕೈಗೆ ಹುಳ ಬೀಳಲಿ ಅಂದೆನಲ್ಲೇ!" ಕಿಮ್ ಲಾನ್ ಕೂಗಿದಳು. "ಪಂಜರದಲ್ಲಿ ಹುಟ್ಟಲಿ ಅಂದೆನಲ್ಲೇ! ನನ್ನ ಮಗುಗೆ! ನೀನು ಕೇಳ್ತಾ ಕೂತಿದ್ದೆ! ಒಂದು ಮಾತು... ಒಂದೇ ಒಂದು ಮಾತು ಬರಲಿಲ್ವೇನೇ ನಿನ್ನ ಬಾಯಲ್ಲಿ?"

ಅಳಿಲು ತಂದದ್ದು ತಿಳಿಯದೆ ಮಾಡಿದ ತಪ್ಪು. ಅಂದು ಸುಮ್ಮನೆ ಕುಳಿತದ್ದು ತಿಳಿದೂ ಮಾಡಿದ್ದು. ಆ ವ್ಯತ್ಯಾಸ ಲಮೂನ್‌ಗೆ ಗೊತ್ತಿತ್ತು.

ಕಿಮ್ ಲಾನ್ ಅವಳೊಂದಿಗೆ ಮಾತು ಬಿಟ್ಟಳು. ಪಕ್ಕಪಕ್ಕದ ಅಂಗಡಿಗಳು, ನಡುವೆ ಒಂದು ತಗಡಿನ ಮರೆ ಬಂತು. ಪ್ರತಿ ಮಂಗಳವಾರ ಮಧ್ಯಾಹ್ನ ಅಂಗಡಿ ಎತ್ತಿ, ಲಮೂನ್ ಕಾಯಿತುರಿಯ ಪೊಟ್ಟಣ ಕಟ್ಟಿಕೊಂಡು ದಡದ ದೋಣಿ ಹತ್ತುವಳು. ಕೇಂದ್ರದಲ್ಲಿ ಸಾಲಾಗಿ ಪಂಜರಗಳಿದ್ದವು, ಗಂಡು ಬೇರೆ, ಹೆಣ್ಣು ಬೇರೆ. ಮೊದಲು ನಲವತ್ತೊಂದಿದ್ದವು. ಆಮೇಲೆ ಮೂವತ್ತು, ಹತ್ತೊಂಬತ್ತು, ಆರು. ಸತ್ತದ್ದನ್ನು ವಾರುನೀ ಮುಚ್ಚಿಡುತ್ತಿರಲಿಲ್ಲ. ಅವಳ ಪಕ್ಕದಲ್ಲಿ ಕುಳಿತು, "ಬುಧವಾರ ಹೋಯ್ತು ಅಮ್ಮಾ, ಕಪ್ಪು ಬಾಲದ್ದು," ಎನ್ನುವಳು. ಲಮೂನ್ ಹೂಂ ಎಂದು ಕೈ ಮುಗಿಯುವಳು. ಮುಂಜಾನೆ ನೀರೆರೆಯುವಾಗ ಮಗಳ ಹೆಸರು ಹೇಳುವುದನ್ನು ಅವಳು ನಿಲ್ಲಿಸಿದ್ದಳು. ಏನನ್ನು ಕಳಿಸುತ್ತಿದ್ದೇನೆಂದು ಖಾತ್ರಿಯಿಲ್ಲದೆ ಕಳಿಸಲು ಮನಸ್ಸಾಗುತ್ತಿರಲಿಲ್ಲ. ಎಲ್ಲ ಜೀವಗಳೂ ಕ್ಷಮಿಸಲಿ ಎಂದಷ್ಟೇ ಹೇಳಿ ನೀರು ಬಿಡುತ್ತಿದ್ದಳು.

ಮೂರನೇ ವರ್ಷದ ಮಳೆ ಮುಗಿಯುವ ಹೊತ್ತಿಗೆ, ಮಂಗಳವಾರವಲ್ಲದ ಒಂದು ದಿನ ವಾರುನೀ ತಾನೇ ದೋಣಿಯಿಂದ ಇಳಿದಳು. ದೂರದಿಂದ ಅವಳ ನಡಿಗೆ ನೋಡಿಯೇ ಲಮೂನ್‌ಗೆ ತಿಳಿಯಿತು. ಹೆಗಲ ಮೇಲೆ ಕೆಂಪಿದ್ದ ಹೆಣ್ಣು, ಅದೇ ಕೊನೆಯದು.

"ನಿದ್ದೇಲೇ ಹೋಯ್ತು ಅಮ್ಮಾ. ನಿಮಗೆ ಫೋನಲ್ಲಿ ಹೇಳೋಕೆ ಮನಸ್ಸಾಗಲಿಲ್ಲ."

"ದೋಣಿ ಖರ್ಚು ಮಾಡ್ಕೊಂಡು ಬಂದ್ಯಲ್ಲ," ಎಂದಳು ಲಮೂನ್. ತಿಂಡಿ ತಿನ್ನಿಸಿ, ಸಂಜೆಯ ದೋಣಿಗೆ ಅವಳನ್ನು ಹತ್ತಿಸಿ, ಮನೆಗೆ ಬಂದು ಜಗಲಿಯ ಮೇಲೆ ಕುಳಿತಳು. ಈಗ ಮಗಳದ್ದು ಎನ್ನುವುದು ಈ ಭೂಮಿಯ ಮೇಲೆ ಏನೂ ಉಳಿದಿರಲಿಲ್ಲ. ಅವಳು ಅಳಲಿಲ್ಲ. ಕುಳಿತೇ ಇದ್ದಳು. ಮರುದಿನ ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ.

ಬಿಸಿಲೇರಿದಾಗ ಮೆಟ್ಟಿಲು ಕಿರುಗುಟ್ಟಿತು. ಕಿಮ್ ಲಾನ್. ಕೈಯಲ್ಲಿ ಮುಚ್ಚಳದ ಪಾತ್ರೆ. ಉಬ್ಬಸದಿಂದ ಏದುತ್ತಾ ಮೇಲೆ ಬಂದು, ಕೇಳದೆ ಪಕ್ಕದಲ್ಲಿ ಕುಳಿತಳು.

"ಕೊನೇದೂ ಹೋಯ್ತಂತೆ."

"ಹೂಂ."

"ನೋಡು," ಎಂದಳು ಕಿಮ್ ಲಾನ್. "ಮೂರು ವರ್ಷ ದಿನಾ ಬೆಟ್ಟ ಹತ್ತಿ ಕೇಳ್ಕೊಂಡೆ, ಅವತ್ತಿನ ಮಾತು ವಾಪಸ್ ಕೊಡು ಅಂತ. ಅಜ್ಜಪ್ಪ ಹೂಂ ಅಂತಾನೂ ಇಲ್ಲ, ಊಹೂಂ ಅಂತಾನೂ ಇಲ್ಲ. ನಿನ್ನ ಹಂಗೇ ಮೂಗಬಸವ ಅವನು."

ಲಮೂನ್ ಅವಳ ಕೈ ಹಿಡಿದಳು. ಇಬ್ಬರ ಕೈಯೂ ಒರಟು, ಸುಟ್ಟ ಕಲೆಗಳು.

"ಊಟ ಮಾಡಿದ್ಯಾ?" ಎಂದಳು ಕಿಮ್ ಲಾನ್.

"ಇಲ್ಲ."

"ಗೊತ್ತಿತ್ತು. ಶುಂಠಿ ಹಾಕಿದೀನಿ. ಆರಿಹೋಗತ್ತೆ, ತಿನ್ನು."

ಲಮೂನ್ ಎರಡು ತುತ್ತು ತಿಂದಳು. ಮೂರನೆಯದಕ್ಕೆ ಚಮಚ ಎತ್ತಿ ಹಾಗೇ ಹಿಡಿದು ಕುಳಿತಳು. ಕಿಮ್ ಲಾನ್ ಮೆಲ್ಲಗೆ ಅವಳ ಮೊಣಕೈ ತಿವಿದಳು.

"ಲೇ, ಅಲ್ಲಿ ನೋಡೇ. ಬಾದಾಮಿ ಮರದ ಮೇಲೆ. ಬಿಳಿದು ಕಣೇ! ಈ ಕಡೆಗೂ ಬಂದ್ಬಿಟ್ಟಿದೆ!"

ಎಷ್ಟೋ ವರ್ಷಗಳ ಮೇಲೆ ಹಿಂದಿನ ಕೊಲ್ಲಿಗೆ ಬಂದ ಮೊದಲ ಬಿಳಿ ಅಳಿಲು ಅದು. ಎಳೆಯದು. ಬಿಸಿಲಿನಲ್ಲಿ ಕೊಂಬೆಯ ತುದಿಗೆ ಬಂದು, ಹಿಂಗಾಲಿನ ಮೇಲೆ ನಿಂತು, ಅವರಿಬ್ಬರನ್ನೂ ನೋಡಿತು. ಕಿಮ್ ಲಾನ್ ಕೈ ಮುಗಿದಳು. ಲಮೂನ್ ಕಣ್ಣು ಕಿರಿದು ಮಾಡಿ ನೋಡಿದಳು. ಬೆನ್ನು ನೋಡಿದಳು, ಕಿವಿ ನೋಡಿದಳು, ಅದು ತಿರುಗಿದಾಗ ಹೆಗಲು ನೋಡಿದಳು, ಬಾಲದ ತುದಿಯವರೆಗೆ ನೋಡಿದಳು. ಎಲ್ಲಾದರೂ ಒಂದು ಚುಕ್ಕೆಯಷ್ಟು ಕೆಂಪು ಇದೆಯೇನೋ ಎಂದು ಹುಡುಕಿದಳು.

ಇರಲಿಲ್ಲ.